ಗೋಡೆಯ ಕಡೆ ತಿರುಗಿದ ಸ್ಟೂಲು

ಕುರಿಯ ಕತ್ತಿನಲ್ಲಿ ಏಳು ಮೂಳೆಗಳಿವೆ. ಮನುಷ್ಯನ ಕತ್ತಿನಲ್ಲೂ ಏಳೇ. ಮಾಂಸದಂಗಡಿಯವಳು ಇದನ್ನು ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನ ಪಕ್ಕ ನಿಂತು ಕಲಿತಳು. ಅವಳ ಗಂಡ ಮೂವತ್ತನೆಯ ವಯಸ್ಸಿನಲ್ಲಿ ಅವಳಿಂದ ಕಲಿತ. ಕಲಿತ ಮೇಲೆ ಇಪ್ಪತ್ತೊಂದು ದೆವ್ವದ ಕಾದಂಬರಿ ಬರೆದ. ಆ ಪುಸ್ತಕಗಳಲ್ಲಿ ಎಷ್ಟು ತಲೆ ಉರುಳಿದವೋ ಅವನಿಗೇ ನೆನಪಿರಲಿಲ್ಲ, ಆದರೆ ಒಂದು ತಲೆಯೂ ತಪ್ಪು ಜಾಗದಲ್ಲಿ ತುಂಡಾಗಲಿಲ್ಲ. ಇಷ್ಟೆಲ್ಲ ಬರೆದವನು ಒಂದು ಹನಿ ರಕ್ತ ಕಂಡರೆ ಕಣ್ಣು ಮೇಲೆ ಮಾಡಿ ನೆಲಕ್ಕೆ ಬೀಳುತ್ತಿದ್ದ.

ಅವನು ಮೊದಲ ಸಲ ಅಂಗಡಿಗೆ ಬಂದದ್ದೂ ಬೆನ್ನು ತೋರಿಸಿಕೊಂಡೇ. ಎದುರು ಸಾಲಿನಲ್ಲಿ ಒಂದು ವಾರಪತ್ರಿಕೆಯ ಕಚೇರಿಯಿತ್ತು, ಕೆಳಗೆ ಅಚ್ಚಿನ ಯಂತ್ರ, ಮೇಲೆ ಮೇಜುಗಳು. ಅಲ್ಲಿ ಅವನು ಕರಡು ತಿದ್ದುವ ಕೆಲಸದಲ್ಲಿದ್ದ. ಕಿವಿಯ ಮೇಲೆ ಯಾವಾಗಲೂ ಒಂದು ಕೆಂಪು ಪೆನ್ಸಿಲ್ಲು. ಅಂಗಡಿಯ ಮೆಟ್ಟಿಲೇರಿ, ಬೀದಿಯ ಕಡೆ ಮುಖ ಮಾಡಿ ನಿಂತು, "ಅರ್ಧ ಕೇಜಿ, ಮೂಳೆ ಬೇಡ" ಎಂದ. ಅವಳ ಅಪ್ಪ ಮಚ್ಚು ಕೆಳಗಿಟ್ಟ.

"ಯಾರ ಹತ್ರ ಮಾತಾಡ್ತಿದ್ದೀಯಪ್ಪಾ? ಬೀದಿ ನಾಯಿ ಹತ್ರಾನಾ?"

"ನಿಮ್ಮ ಹತ್ರಾನೇ. ಕೊಕ್ಕೆ ಕಡೆ ನೋಡೋಕಾಗಲ್ಲ."

"ನೋಡೋಕಾಗಲ್ಲ, ತಿನ್ನೋಕೆ ಮಾತ್ರ ಆಗುತ್ತೆ!"

"ಬೆಂದ ಮೇಲೆ ಅದು ಬೇರೆ."

ಅವಳು ಮಾಂಸಕ್ಕೆ ಮೂರು ಪದರ ಕಾಗದ ಸುತ್ತಿ, ಹೊರಗೆ ಎಲ್ಲೂ ಕೆಂಪು ಹತ್ತಿಲ್ಲವೆಂದು ಎರಡು ಸಲ ತಿರುಗಿಸಿ ನೋಡಿ, ಬೆನ್ನ ಹಿಂದಿನಿಂದಲೇ ಅವನ ಕೈಗೆ ಕೊಟ್ಟಳು. ಆ ಮೂರು ಪದರ ಕಾಗದಕ್ಕೇ ಹುಡುಗ ಬಿದ್ದುಹೋದ ಎಂದು ಅಪ್ಪ ಸಾಯುವವರೆಗೂ ಹೇಳಿ ನಗುತ್ತಿದ್ದ. ಮದುವೆಯಾದ ಮೇಲೆ ಅವನು ತನ್ನ ಎರಡು ಪೆಟ್ಟಿಗೆ ಹೊತ್ತುಕೊಂಡು ಅಂಗಡಿಯ ಮೇಲಿನ ಕೋಣೆಗೇ ಬಂದ. ಮರುವರ್ಷ ಅಪ್ಪ ಹೋದ, ಮಚ್ಚು ಅವಳ ಕೈಗೆ ಬಂತು.

ದಿನಾ ಬೆಳಗ್ಗೆ ಆರಕ್ಕೆ ಅವಳು ಹಿತ್ತಲಿನ ಚರಂಡಿಯ ಪಕ್ಕ ಕುರಿಯನ್ನು ಕೆಡವುತ್ತಿದ್ದಳು. ಮಂಡಿಯಿಂದ ಭುಜ ಒತ್ತಿ, ಎಡಗೈಯಲ್ಲಿ ದವಡೆ ಎತ್ತಿ, ಕಿವಿಯ ಕೆಳಗಿಂದ ಕಿವಿಯ ಕೆಳಗೆ ಒಂದೇ ಗೆರೆ. ರಕ್ತ ಮೊದಲು ಚಿಮ್ಮುತ್ತದೆ, ಆಮೇಲೆ ಸುರಿಯುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ. ಕಾಲುಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತವೆ. ಮೇಲಿನ ಕೋಣೆಯಲ್ಲಿ ಗಂಡ ಎರಡು ಕಿವಿಗೂ ದಿಂಬು ಒತ್ತಿಕೊಂಡು, ಆರೂವರೆ ಆಗುವುದನ್ನೇ ಕಾಯುತ್ತ ಮಲಗಿರುತ್ತಿದ್ದ.

ಮದುವೆಯಾದ ಮೂರನೆಯ ವರ್ಷ, ಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದ ಬೇರೊಬ್ಬ ಲೇಖಕ ಸಂಪಾದಕನ ಜೊತೆ ಜಗಳವಾಡಿ, ಕಥಾನಾಯಕನನ್ನೂ ಅವನ ತಮ್ಮನನ್ನೂ ಒಂದು ಪಾಳುಬಾವಿಯೊಳಗೆ ಬಿಟ್ಟು ಹೊರಟುಹೋದ. ಬಾವಿಯಲ್ಲಿ ಇನ್ನೊಂದು ಏನೋ ಇತ್ತು. ಅದೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಸಂಪಾದಕ ದಪ್ಪ ಮನುಷ್ಯ, ಬಾಯಿ ಇನ್ನೂ ದಪ್ಪ. ಕರಡು ತಿದ್ದುವವನ ಮೇಜಿಗೆ ಬಿಳಿ ಹಾಳೆ ಎಸೆದ.

"ಅವನ ತಪ್ಪನ್ನ ಇಷ್ಟು ದಿನ ತಿದ್ದಿದೀಯಲ್ಲಯ್ಯಾ, ಈಗ ನಿನ್ನ ತಪ್ಪು ನೀನೇ ಮಾಡು. ನಾಳೆ ಸಂಜೆಗೆ ನಾಲ್ಕು ಪುಟ."

ಅವನು ಬರೆದ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ, ಅಂಗಡಿಯ ಷಟರು ಅರ್ಧ ಎಳೆದ ಹೊತ್ತಿನಲ್ಲಿ, ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಕೂತು ಅವಳಿಗೆ ಓದಿ ಹೇಳಿದ. ಅವಳು ಸಂಜೆಯ ಗಿರಾಕಿಗಳಿಗೆಂದು ತೊಡೆ ಬಿಡಿಸುತ್ತಿದ್ದಳು. ಬಾವಿಯಿಂದೆದ್ದ ಆಕೃತಿ ಒಂದೇ ಏಟಿಗೆ ತಮ್ಮನ ತಲೆ ಹಾರಿಸಿತು, ತಲೆ ಚೆಂಡಿನಂತೆ ಪುಟಿಯಿತು, ಎಂದು ಓದಿದಾಗ ಅವಳು ಗೊಳ್ಳೆಂದು ನಕ್ಕಳು.

"ನಗೋ ಹಾಗೆ ಏನಿದೆ ಇದರಲ್ಲಿ?"

"ರೀ, ತಲೆ ಎಷ್ಟು ಭಾರ ಗೊತ್ತಾ ನಿಮಗೆ? ಪುಟಿಯೋದಾ! ಬಿದ್ದಲ್ಲೇ ದೊಪ್ ಅಂತ ಕೂರುತ್ತೆ. ಅರ್ಧ ಸುತ್ತು ತಿರುಗಿದ್ರೆ ಹೆಚ್ಚು. ಒಂದೇ ಏಟಿಗೆ ಹೋಗೋದೂ ಇಲ್ಲ. ಸಂದು ತಪ್ಪಿ ಮೂಳೆ ಮೇಲೆ ಬಿತ್ತು ಅಂದ್ರೆ ಮಚ್ಚು ಕಚ್ಕೊಂಡುಬಿಡುತ್ತೆ. ಆಮೇಲೆ ಭುಜದ ಮೇಲೆ ಕಾಲಿಟ್ಟು ಎಳೀಬೇಕು. ಎಳೆಯುವಾಗ ಒಂಥರಾ ಸದ್ದು ಬರುತ್ತೆ, ಒದ್ದೆ ಚಪ್ಪಲಿ ಕೆಸರಿಂದ ಕಿತ್ತ ಹಾಗೆ."

ಅವನು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಅಷ್ಟನ್ನೂ ಬರೆದುಕೊಂಡ. ಮೇಲೆ ಓಡಿಹೋಗಿ ವಾಂತಿ ಮಾಡಿ ಬಂದು ಮತ್ತೆ ಬರೆದ. ಆ ವಾರದ ಸಂಚಿಕೆಯಲ್ಲಿ ಬಾವಿಯ ಆಕೃತಿಯ ಕತ್ತಿ ತಮ್ಮನ ಕತ್ತಿನ ಮೂಳೆಯಲ್ಲಿ ಸಿಕ್ಕಿಕೊಂಡಿತು. ಅದು ಅವನ ಭುಜದ ಮೇಲೆ ಪಾದವಿಟ್ಟು ಎಳೆಯಿತು. ಎಳೆಯುವಾಗಲೂ ತಮ್ಮ ಕಣ್ಣು ಬಿಟ್ಟು ಅಣ್ಣನನ್ನೇ ನೋಡುತ್ತಿದ್ದ. ಮುಂದಿನ ವಾರ ಕಚೇರಿಗೆ ಬಂದ ಕಾಗದಗಳನ್ನು ಸಂಪಾದಕ ಚೀಲದಲ್ಲಿ ತುಂಬಿ ತಂದು ಅವನ ಮೇಜಿನ ಮೇಲೆ ಸುರಿದ. ಬೈದವರು ಅರ್ಧ, ಇನ್ನೂ ಬೇಕು ಎಂದವರು ಅರ್ಧ. ಬೈದವರೂ ಕೊನೆಯ ಸಾಲಿನಲ್ಲಿ, ಮುಂದೇನಾಯಿತು ಎಂದು ಕೇಳಿದ್ದರು.

ಅಂದಿನಿಂದ ಅದೇ ಅವರ ಕೆಲಸದ ಕ್ರಮವಾಯಿತು. ಎರಡು ಗಂಟೆ, ಅರ್ಧ ಷಟರು, ಗೋಡೆಯ ಕಡೆ ಸ್ಟೂಲು. ಅವನು ಅವಳ ಮುಖ ನೋಡುತ್ತಿರಲಿಲ್ಲ, ನೋಡಿದರೆ ಮಾಂಸ ಕಡಿಯುವ ಕೊರಡೂ ಕಾಣುತ್ತದೆ. ಕಿವಿಯಿಂದ ಅವಳ ಚೂರಿಯನ್ನು ಕೇಳುತ್ತಿದ್ದ. ಚೂರಿ ಓಡುತ್ತಲೇ ಇದ್ದರೆ ಆ ಸಾಲು ಸಪ್ಪೆ, ಹೊಡೆದುಹಾಕು. ಚೂರಿ ನಿಂತರೆ ಆ ಸಾಲು ನಾಟಿತು, ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕು. ಅವನದು ಒಂದೇ ಕಟ್ಟುನಿಟ್ಟು: ಹಾಳೆ ಕೆಳಗಿಡುವವರೆಗೆ ಅವಳು ಬಾಯಿ ತೆರೆಯಬಾರದು. ನಡುವೆ ಮಾತಾಡಿದರೆ ಭಯ ಒಡೆದುಹೋಗುತ್ತದಂತೆ.

ಅವಳ ಚೂರಿ ಸುಲಭಕ್ಕೆ ನಿಲ್ಲುವಂಥದ್ದಲ್ಲ. ಕರುಳು ಬಗೆದರು, ಚರ್ಮ ಸುಲಿದರು ಎಂದರೆ ಅವಳಿಗೆ ಅದು ಬೆಳಗಿನ ಕೆಲಸ. ಒಂದು ವರ್ಷವಿಡೀ ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ ಒಂದು ದಿನ ಅವನು ಓದಿದ: ಕೊಲೆಗಾರನ ಮನೆಗೆ ಸತ್ತವನ ಕೈ ಮಾತ್ರ ತೆವಳಿಕೊಂಡು ಬಂತು. ಅವನ ಕತ್ತು ಹಿಸುಕಲಿಲ್ಲ, ಬಾಗಿಲು ತಟ್ಟಲಿಲ್ಲ. ಒಲೆಯ ಹತ್ತಿರ ಹೋಗಿ, ಬೆರಳು ಬಿಡಿಸಿ, ಬೆಂಕಿ ಕಾಯಿಸಿಕೊಂಡಿತು.

ಚೂರಿ ನಿಂತಿತು. ಅವನ ಬೆನ್ನು ನೆಟ್ಟಗಾಯಿತು. ಹಾಳೆ ಕೆಳಗಿಟ್ಟ ಮೇಲೆ ಅವಳು ಕೇಳಿದಳು, "ಕಡಿದ ಕೈಗೂ ಚಳಿಯಾಗುತ್ತೇನ್ರಿ?"

ಅವನು ಗೋಡೆಗೆ ಮುಖ ಮಾಡಿಕೊಂಡೇ ಸಂಜೆಯವರೆಗೆ ನಗುತ್ತಿದ್ದ.

ಹೀಗೆ ಹತ್ತೊಂಬತ್ತು ವರ್ಷ. ಅವನಿಗೆ ದೊಡ್ಡ ಹೆಸರು ತಂದದ್ದು ಸುಂಕದವಳ ಕಥೆ. ಸತ್ತವರ ಊರೊಂದಕ್ಕೆ ಏಳು ಬಾಗಿಲು. ಬಾಗಿಲು ಕಾಯುವವಳು ಒಬ್ಬಳೇ, ಕೈಯಲ್ಲಿ ಕತ್ತಿ. ಒಳಗೆ ಹೋದ ತಂಗಿಯನ್ನು ವಾಪಸು ತರಲು ಬಂದ ಒಬ್ಬ ಪಯಣಿಗನಿಂದ ಅವಳು ಒಂದೊಂದು ಬಾಗಿಲಲ್ಲಿ ಸುಂಕವೆಂದು ಒಂದೊಂದನ್ನು ಕಿತ್ತುಕೊಳ್ಳುತ್ತಾಳೆ. ಒಂದು ಬಾಗಿಲಿಗೆ ಒಂದು ಪುಸ್ತಕ. ಮೊದಲನೆಯದರಲ್ಲಿ ಉಗುರು, ಎರಡನೆಯದರಲ್ಲಿ ಕಿವಿ, ಹೀಗೆ.

ಮೂರನೆಯ ಪುಸ್ತಕದಲ್ಲಿ, ಪಯಣಿಗನ ಮುಂದೆ ನಿಂತಿದ್ದ ಒಬ್ಬ ಸುಳ್ಳುಗಾರನ ನಾಲಗೆ ಬುಡಸಮೇತ ಹೋಯಿತು. ಬೀದಿಯ ಕೊನೆಯಲ್ಲಿ ಮರದ ಡಿಪೋ ಇಟ್ಟವನಿಗೆ ಅದು ತನ್ನನ್ನೇ ಕುರಿತು ಬರೆದದ್ದೆಂದು ಅನುಮಾನ ಬಂತು. ಇಬ್ಬರು ಭಾವಮೈದುನರನ್ನು ಕಟ್ಟಿಕೊಂಡು ಬಂದು, ಅಂಗಡಿಯ ಮುಂದೆಯೇ ಬರಹಗಾರನ ಕತ್ತಿನ ಪಟ್ಟಿ ಹಿಡಿದು ಮುಖವನ್ನು ಷಟರಿಗೆ ಎರಡು ಸಲ ಅಪ್ಪಳಿಸಿದ. ಮೂಗಿನಿಂದ ರಕ್ತ ಬಂತು. ತನ್ನ ರಕ್ತ ತಾನೇ ನೋಡಿ ಬರಹಗಾರ ಅಲ್ಲೇ ಕುಸಿದ. ಬಿದ್ದವನ ಪಕ್ಕೆಗೆ ಒಬ್ಬ ಭಾವಮೈದುನ ಒದ್ದ, ಇನ್ನೊಬ್ಬ ಒದೆಯಲು ಕಾಲೆತ್ತಿದ.

ಅವಳು ಮಚ್ಚು ಹಿಡಿದೇ ಕೆಳಗಿಳಿದಳು. ಕೂಗಾಡಲಿಲ್ಲ. ಡಿಪೋದವನ ಮುಂಗೈ ಹಿಡಿದು ಮೆಟ್ಟಿಲ ಕಲ್ಲಿನ ಮೇಲೆ ಒತ್ತಿ, ಮಣಿಕಟ್ಟಿನ ಮೇಲೆ ಮಚ್ಚಿನ ಬಾಯನ್ನು ಮೆಲ್ಲಗೆ ಇಟ್ಟಳು.

"ಈ ಕೀಲು ಎಲ್ಲಿ ಬಿಡುತ್ತೆ ಅಂತ ನಂಗೊತ್ತು. ಒಂದೇ ಏಟು ಸಾಕು. ನಿನ್ನ ಭಾವಮೈದುನರಿಗೆ ಹೇಳು, ಕಾಲು ಇಳಿಸ್ಲಿ."

ಕಾಲು ಇಳಿಯಿತು. ಡಿಪೋದವನ ಮಣಿಕಟ್ಟಿನ ಮೇಲೆ ದಾರದಷ್ಟು ತೆಳ್ಳಗೆ ಕೆಂಪು ಗೆರೆ ಮೂಡಿತ್ತು. ಗಂಡನಿಗೆ ಎಚ್ಚರ ಬಂದಾಗ ಅವಳು ಮಚ್ಚನ್ನು ಎಡ ಸೊಂಟದ ಮೇಲಿನ ಏಪ್ರನ್ನಿಗೆ ಎರಡು ಸಲ ಒರೆಸುತ್ತಿದ್ದಳು. ಅದು ಅವಳ ಅಭ್ಯಾಸ. ಒಂದೇ ಸಲ ಅಲ್ಲ, ಮೂರು ಸಲ ಅಲ್ಲ, ಎರಡೇ ಸಲ.

ಏಳನೆಯ ಬಾಗಿಲಿಗೆ ಬರುವ ಹೊತ್ತಿಗೆ ಅವನಿಗೆ ನಲವತ್ತೊಂಬತ್ತು. ಅದೇ ಕೊನೆಯ ಪುಸ್ತಕ. ಮಧ್ಯಾಹ್ನ ಎರಡೂ ಕಾಲು. ಅವಳು ಪಕ್ಕೆಲುಬು ಕಡಿಯುತ್ತಿದ್ದಳು. ಪಕ್ಕೆಲುಬಿಗೆ ಚೂರಿ ಸಾಲದು, ಮಚ್ಚೇ ಬೇಕು. ಎಡಗೈಯಿಂದ ಹಿಡಿದು, ಎರಡು ಬೆರಳಗಲಕ್ಕೆ ಒಂದೊಂದು ಏಟು. ಸದ್ದು ಒಂದೇ ಸಮನೆ ಬರುತ್ತಿತ್ತು. ಅವನು ಓದುತ್ತಿದ್ದ.

"ಸುಂಕದವಳು ಪಯಣಿಗನನ್ನು ಕಣ್ಣೆತ್ತಿ ನೋಡಲಿಲ್ಲ. ಕೆಳತುಟಿಯ ಒಳಭಾಗವನ್ನು ಕಚ್ಚಿಕೊಂಡಳು. ಕತ್ತಿಯನ್ನು ಎಡ ಸೊಂಟಕ್ಕೆ ಎರಡು ಸಲ ಒರೆಸಿಕೊಂಡಳು."

ಆಗ ಅವಳು ಕೆಳತುಟಿ ಕಚ್ಚಿಕೊಂಡೇ ಇದ್ದಳು. ಅವಳಿಗೆ ಹೊಳೆಯಿತು. ಹತ್ತೊಂಬತ್ತು ವರ್ಷ ತನ್ನ ಕಡೆ ತಿರುಗದೆ ಕೂತವನು ತನ್ನನ್ನು ಯಾವಾಗ ನೋಡಿದ? ಮಚ್ಚು ಮೇಲಿದ್ದಾಗ ಅವಳ ಕಣ್ಣು ಎಂದೂ ಕೊರಡು ಬಿಟ್ಟು ಆಚೀಚೆ ಹೋದದ್ದಿಲ್ಲ. ಅಂದು ಗಂಡನ ಬೆನ್ನಿನ ಕಡೆ ಹೋಯಿತು. ಮಚ್ಚು ತನ್ನ ಪಾಡಿಗೆ ತಾನು ಇಳಿಯಿತು.

ನೋವು ತಕ್ಷಣ ಬರಲಿಲ್ಲ. ಪಕ್ಕೆಲುಬಿನ ತುಂಡುಗಳ ಪಕ್ಕ ಇನ್ನೆರಡು ತುಂಡು ಬಿದ್ದಿದ್ದವು, ಒಂದರ ಮೇಲೆ ಉಗುರಿತ್ತು, ಇನ್ನೊಂದು ಮಗುಚಿಕೊಂಡಿತ್ತು. ತೋರುಬೆರಳು, ನಡುಬೆರಳು.

ಮಚ್ಚಿನ ಸದ್ದು ನಿಂತದ್ದು ಅವನಿಗೆ ಕೇಳಿಸಿತು. ಬೆನ್ನು ನೆಟ್ಟಗಾಯಿತು. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಉದ್ದಕ್ಕೆ ಗೆರೆ ಎಳೆದ.

"ಆಹಾ! ನಿಂತಿತು. ಇರು, ಇನ್ನೊಂದ್ಸಲ ಓದ್ತೀನಿ."

ಅವನು ಮೊದಲಿನಿಂದ ಓದಿದ, ನಿಧಾನವಾಗಿ, ದನಿ ತಗ್ಗಿಸಿ. ಅವಳು ಏಪ್ರನ್ನನ್ನು ಎಡಗೈಗೆ ಸುತ್ತಿ, ಮಣಿಕಟ್ಟನ್ನು ಬಲಗೈಯಿಂದ ಹಿಡಿದು ಎದೆಯ ಮಟ್ಟಕ್ಕೆ ಎತ್ತಿ ನಿಂತಳು. ಬಾಯಿ ತೆರೆಯಲಿಲ್ಲ. ಬಟ್ಟೆ ತೊಯ್ದು ಭಾರವಾಯಿತು. ಮೊಣಕೈಯಿಂದ ರಕ್ತ ಸಣ್ಣಗೆ ಸುರಿಯಿತು. ಮಧ್ಯಾಹ್ನ ತೊಳೆದ ನೆಲ, ಗೋಡೆಯ ಕಡೆಗೇ ಇಳಿಜಾರು. ರಕ್ತ ಸ್ಟೂಲಿನ ಕಾಲನ್ನು ಬಳಸಿಕೊಂಡು ಹೋಗಿ ಅವನ ಅಂಗಾಲಿಗೆ ಮುಟ್ಟಿತು. ಬೆಚ್ಚಗಿತ್ತು. ಅವನು ಕೆಳಗೆ ನೋಡಿದ. ಹಾಳೆ ಕೈಯಿಂದ ಜಾರುವ ಮೊದಲೇ ಅವನು ಉರುಳಿದ.

ಅವಳು ಎರಡು ತುಂಡುಗಳನ್ನೂ ತೊಳೆದು, ಶುಭ್ರವಾದ ಕವರಿಗೆ ಹಾಕಿ, ಅದನ್ನು ಐಸಿನ ಡಬ್ಬದೊಳಗಿಟ್ಟು, ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಗಂಡನನ್ನು ದಾಟಿ ಹೊರಗೆ ಬಂದಳು. ಪಕ್ಕದ ದರ್ಜಿಯವಳು ನೋಡಿ ಚೀರಿದಳು.

"ಅಕ್ಕಾ! ಅಯ್ಯೋ, ಭಾವ ಎಲ್ಲಿ?"

"ಬಿದ್ದಿದಾರೆ. ಅವರಿಗೇನೂ ಆಗಿಲ್ಲ. ಗಾಡಿ ನಿಲ್ಸು."

ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬದೊಳಗೆ ಇಣುಕಿ ತಲೆಯಾಡಿಸಿದ. "ಮೂಳೆ ಜಜ್ಜಿದೆ ತಾಯಿ, ಕೂಡಲ್ಲ."

"ಜಜ್ಜಿಲ್ಲ ಡಾಕ್ಟ್ರೇ. ಕೀಲಲ್ಲೇ ಬಿಟ್ಟಿದೆ, ಸರಿಯಾಗಿ ನೋಡಿ."

ಅವನು ಮತ್ತೊಮ್ಮೆ ನೋಡಿದ. "ಹೌದು, ಕೀಲಲ್ಲೇ ಬಿಟ್ಟಿದೆ. ಆದ್ರೆ ಇಲ್ಲಿ ಅದನ್ನ ಹೊಲಿಯೋರು ಯಾರೂ ಇಲ್ಲ. ಇಷ್ಟೊಂದು ರಕ್ತ ಹೋಗೋವರೆಗೆ ಏನ್ ಮಾಡ್ತಿದ್ರಿ? ಮನೇಲಿ ಯಾರೂ ಇರ್ಲಿಲ್ವಾ?"

"ಯಜಮಾನ್ರು ಇದ್ರು. ಓದ್ತಾ ಇದ್ರು."

"ಕೂಗ್ಬಾರ್ದಾ?"

"ಹಾಳೆ ಇನ್ನೂ ಕೆಳಗಿಟ್ಟಿರ್ಲಿಲ್ಲ."

ಡಾಕ್ಟರು ಇವಳಿಗೆ ಜ್ವರ ಏರಿದೆಯೇನೋ ಎಂದು ಹಣೆ ಮುಟ್ಟಿ ನೋಡಿದ.

ಗಂಡ ಸಂಜೆ ಬಂದ, ಹಣೆಯ ಮೇಲೆ ಗೋಲಿ ಗಾತ್ರದ ಬುಗುಟು. ಹಾಸಿಗೆಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಬ್ಯಾಂಡೇಜಿನ ಮೇಲೆ ಹೂವಿನಷ್ಟು ಕೆಂಪು ಒಸರಿತ್ತು. ಅವನು ಕುರ್ಚಿಯನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿ, "ತಪ್ಪಾಯ್ತು ಕಣೇ. ನಾನು ಕಥೆ ಹಿಡೀತು ಅಂದ್ಕೊಂಡೆ" ಎಂದ. ಬೆರಳು ಹೋದದ್ದಕ್ಕೆ ಅಳದವಳು ಆ ಬೆನ್ನು ನೋಡಿ ಅತ್ತಳು. ಸದ್ದಿಲ್ಲದೆ ಅತ್ತದ್ದರಿಂದ ಅದೂ ಅವನಿಗೆ ಗೊತ್ತಾಗಲಿಲ್ಲ.

ಅವಳು ಮನೆಗೆ ಬಂದ ಮೇಲೆ ಸಂಪಾದಕ ಏಳನೆಯ ಬಾಗಿಲು ಕೇಳಿಕೊಂಡು ಬಂದ. ಗಂಡ ಮೂರು ಬಗೆಯಾಗಿ ಬರೆದು ಮೂರನ್ನೂ ಹರಿದ. ಮಚ್ಚಿನ ಸದ್ದಿಲ್ಲದ ಕೋಣೆಯಲ್ಲಿ ಯಾವ ಸಾಲು ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯುತ್ತಿರಲಿಲ್ಲ.

"ನೀನು ಸುಮ್ನೆ ಕೂತು ಕೇಳು ಸಾಕು," ಎಂದ ಅವಳಿಗೆ. "ಮಚ್ಚು ಬೇಡ. ನಿನ್ನ ಮುಖ ನೋಡಿ ತಿಳ್ಕೋತೀನಿ."

"ಮುಖ ನೋಡ್ಬೇಕಾದ್ರೆ ಈ ಕಡೆ ತಿರುಗ್ಬೇಕಲ್ಲ."

"ತಿರುಗ್ತೀನಿ."

"ಮುಖ ಒಂದೇ ಅಲ್ಲ ರೀ, ಕೈನೂ ನಂದೇ. ದಿನಾ ಇದನ್ನ ಬಿಚ್ಚಿ, ತೊಳೆದು, ಕಟ್ಟಬೇಕು. ನರ್ಸಮ್ಮ ತೋರಿಸಿಕೊಟ್ಟಿದ್ದಾಳೆ. ನೀವು ಕಟ್ಟಿ. ಕಣ್ಣು ಬಿಟ್ಕೊಂಡು ಕಟ್ಟಿ. ಆಗ ಕೇಳ್ತೀನಿ. ಇಲ್ಲಾಂದ್ರೆ ನಿಮ್ಮ ಸುಂಕದವಳು ಏಳನೇ ಬಾಗಿಲಲ್ಲೇ ಕೊಳೀಲಿ, ನಂಗೇನೂ ಇಲ್ಲ."

ಮೊದಲ ದಿನ ಕೊನೆಯ ಸುತ್ತು ಬಿಚ್ಚುವುದರೊಳಗೆ ಅವನು ಮಂಚದ ಕಾಲಿಗೆ ತಲೆ ಬಡಿದುಕೊಂಡು ಬಿದ್ದ. ಎರಡನೆಯ ದಿನ ಬೇಸಿನ್ನಿಗೇ ವಾಂತಿ ಮಾಡಿದ. ಮೂರನೆಯ ದಿನ ಹತ್ತಿ ಗಾಯಕ್ಕೆ ಅಂಟಿಕೊಂಡಿತ್ತು. ಕಣ್ಣು ಮುಚ್ಚಿ ಎಳೆದ. ಒಣಗಿದ್ದ ತೊಗಲು ಕಿತ್ತು ಬಂತು, ಹೊಲಿಗೆಯ ನಡುವಿನಿಂದ ರಕ್ತ ಉಕ್ಕಿ ಅವನ ಮುಖಕ್ಕೆ ಹಾರಿತು. ಅವಳು ಹಲ್ಲು ಕಚ್ಚಿ, ಬಲಗೈಯಿಂದ ಅವನ ಕೆನ್ನೆಗೆ ಫಟೀರೆಂದು ಬಿಟ್ಟಳು. ಮದುವೆಯಾದಾಗಿನಿಂದ ಅದೇ ಮೊದಲು.

"ಕಣ್ಣು ಮುಚ್ಚಿದ್ರೆ ನೋವು ನಂಗಾಗುತ್ತೆ! ತೆಗೀರಿ ಕಣ್ಣು!"

ಅವನು ತೆರೆದ. ಮೈ ಜೋಲಿ ಹೊಡೆಯಿತು. ಬೀಳಬಾರದೆಂದು ತನ್ನ ತೋಳನ್ನೇ ಹಲ್ಲಿನಿಂದ ಕಚ್ಚಿ ಹಿಡಿದ. ಮುಖದ ಮೇಲಿನ ರಕ್ತ ಒರೆಸಿಕೊಳ್ಳದೆ ನೋಡಿದ. ಎರಡು ಮೋಟುಗಳು, ಕಪ್ಪು ದಾರ, ಊದಿದ ಅಂಚು, ನಡುವೆ ಬೆಳ್ಳಗೆ ಹುರುಳಿಕಾಳಿನಷ್ಟು ಮೂಳೆ.

"ಏನ್ ಕಾಣುತ್ತೆ ಹೇಳಿ," ಅವಳು ಬಿಡಲಿಲ್ಲ.

ಅವನು ಒಂದೊಂದಾಗಿ ಹೇಳಿದ. ತಪ್ಪಿದ್ದಲ್ಲಿ ಅವಳು ತಿದ್ದಿದಳು. ಎಂಟನೆಯ ದಿನದ ಹೊತ್ತಿಗೆ ಅವನು ಬೀಳುವುದು ನಿಂತಿತು. ಹತ್ತಿಯನ್ನು ಬಿಸಿನೀರಲ್ಲಿ ನೆನೆಸಿ, ಅಂಚಿನಿಂದ ಮೆಲ್ಲಗೆ ಬಿಡಿಸುವುದನ್ನು ಕಲಿತ. ಗಾಯ ಮಾಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಎರಡು ಗಂಟೆಗೆ ಅವಳು ಮತ್ತೆ ಕೊರಡಿನ ಮುಂದೆ ನಿಂತಳು. ಉಳಿದ ಬೆರಳುಗಳಲ್ಲಿ ಪಕ್ಕೆಲುಬು ಹಿಡಿಯಲು ಬರುತ್ತಿರಲಿಲ್ಲ, ಅದಕ್ಕೆ ಸಣ್ಣ ಕೊಕ್ಕೆಯೊಂದನ್ನು ಅಂಗೈಗೆ ಪಟ್ಟಿಯಿಂದ ಬಿಗಿದುಕೊಂಡಿದ್ದಳು. ಅವನು ಸ್ಟೂಲನ್ನು ಅವಳ ಕಡೆ ತಿರುಗಿಸಿ ಕೂತ. ಮುಖ ಸುಣ್ಣದಂತೆ ಬೆಳ್ಳಗಿತ್ತು. ಓದತೊಡಗಿದ. ಮಚ್ಚು ಏಳುತ್ತಿತ್ತು, ಬೀಳುತ್ತಿತ್ತು, ಎಲ್ಲೂ ನಿಲ್ಲಲಿಲ್ಲ. ಅವನು ಒಂದು ಕಣ್ಣು ಹಾಳೆಯ ಮೇಲೆ, ಒಂದು ಕಣ್ಣು ಕೊರಡಿನ ಮೇಲೆ ಇಟ್ಟು ಕೊನೆಯ ಪುಟಕ್ಕೆ ಬಂದ.

"ಏಳನೆಯ ಬಾಗಿಲಲ್ಲಿ ಸುಂಕದವಳು ಕತ್ತಿ ಎತ್ತಿದಳು. ಆಗ ಅವನು—"

ಅಷ್ಟಕ್ಕೇ ನಿಂತ. ಮಚ್ಚು ಮೇಲಿತ್ತು, ಕೆಳಗೆ ಕೊಕ್ಕೆಯ ಆಚೆ ಅವಳ ಹೆಬ್ಬೆರಳು ಕಾಣುತ್ತಿತ್ತು. "ಬೇಡ ಕಣೇ!" ಎಂದು ಸ್ಟೂಲು ಕೆಡವಿ ಎದ್ದ.

ಮಚ್ಚು ಬೀಳಬೇಕಾದಲ್ಲೇ ಬಿತ್ತು. ಪಕ್ಕೆಲುಬು ಎರಡಾಯಿತು.

"ಯಾಕ್ರಿ? ಹೆಬ್ಬೆರಳು ನಾಲ್ಕಂಗುಲ ದೂರ ಇದೆ."

"ನಂಗೆ ಹಾಗೆ ಕಾಣ್ಲಿಲ್ಲ."

"ಎಲ್ಲಿಗೆ ನಿಲ್ಸಿದ್ರಿ?"

"'ಆಗ ಅವನು' ಅನ್ನೋ ಕಡೆ."

"ಅಲ್ಲಿ ಗುರುತು ಹಾಕಿ. ಅದೇ ಕೊನೆ."

"ವಾಕ್ಯಾನೇ ಮುಗಿದಿಲ್ವಲ್ಲೇ! ಇನ್ನೂ ಅರ್ಧ ಪುಟ ಇದೆ."

"ಇಷ್ಟು ವರ್ಷ ನನ್ನ ಕೈ ನಿಂತಲ್ಲಿ ನೀವು ಗುರುತು ಹಾಕಿದ್ರಿ. ಇವತ್ತು ನಿಮ್ಮ ಬಾಯಿ ನಿಂತಿದೆ. ಹಾಕಿ."

ಅವನು ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದ. ಆಮೇಲೆ ಕಿವಿಯ ಮೇಲಿನಿಂದ ಪೆನ್ಸಿಲ್ಲು ತೆಗೆದು ಗೆರೆ ಎಳೆದು, ಉಳಿದ ಅರ್ಧ ಪುಟವನ್ನು ಹರಿದು ಅವಳಿಗೆ ಕೊಟ್ಟ. ಅವಳು ಅದರಲ್ಲಿ ಸಂಜೆಯ ಗಿರಾಕಿಗೆ ಮಾಂಸ ಕಟ್ಟಿದಳು.

ಕರಡು ಬಂದಾಗ ಅಚ್ಚುಮೊಳೆ ಜೋಡಿಸುವವನು ಪಾಪ, ತಪ್ಪು ಎಂದುಕೊಂಡು ಕೊನೆಗೊಂದು ಚುಕ್ಕಿ ಸೇರಿಸಿದ್ದ. ಬರಹಗಾರ ಅದನ್ನು ಹೊಡೆದುಹಾಕಿದ. ಪುಸ್ತಕ ಹೊರಬಿದ್ದ ವಾರ ಸಂಪಾದಕ ಷಟರು ಗುದ್ದಿಕೊಂಡು ಬಂದ.

"ಏನಯ್ಯಾ ಇದು? ಊರೆಲ್ಲ ನನ್ನ ಜುಟ್ಟು ಹಿಡಿದಿದೆ! ಕೊನೇ ಹಾಳೇಲಿ ಮಾಂಸ ಕಟ್ಟಿಬಿಟ್ರೇನು?"

"ಹೌದು ಸಾರ್," ಎಂದ ಬರಹಗಾರ.

ಅವಳು ಒಳಗೆ ಮಚ್ಚು ಒರೆಸುತ್ತ ನಗು ತಡೆದುಕೊಂಡಳು. ಸಂಪಾದಕ ಬೈದುಕೊಂಡೇ ಹೋದ. ಆ ಪುಸ್ತಕದಷ್ಟು ಅವನ ಬೇರೆ ಯಾವ ಪುಸ್ತಕವೂ ಮತ್ತೆ ಮತ್ತೆ ಅಚ್ಚಾಗಲಿಲ್ಲ.

ಅದೇ ವಾರ ಒಂದು ದಿನ ಬೆಳಗ್ಗೆ ಆರಕ್ಕೆ, ಅವಳು ಕುರಿಯ ಭುಜದ ಮೇಲೆ ಮಂಡಿಯೂರಿದ್ದಾಗ ಹಿತ್ತಲ ಬಾಗಿಲು ತೆರೆಯಿತು. ಗಂಡ ಬರಿಗಾಲಲ್ಲಿ ನಿಂತಿದ್ದ, ತೋಳು ಮಡಚಿಕೊಂಡು.

"ನಿಂಗೆ ಎರಡು ಬೆರಳು ಕಮ್ಮಿ," ಎಂದ. "ಹಿಂಗಾಲು ನಾನು ಹಿಡೀತೀನಿ."

"ಬಿದ್ದೀರಾ ಮತ್ತೆ. ಚರಂಡಿ ಇದೆ ಪಕ್ಕದಲ್ಲಿ."

"ಬೀಳಲ್ಲ."

ಅವನು ಕೂತು ಎರಡೂ ಕಾಲು ಹಿಡಿದ. ಅವಳು ದವಡೆ ಎತ್ತಿದಳು.

"ಕಣ್ಣು?"

"ಬಿಟ್ಟಿದೀನಿ ಕಣೇ, ನೀನು ನಿನ್ನ ಕೆಲಸ ನೋಡು."

ಕಿವಿಯ ಕೆಳಗಿಂದ ಕಿವಿಯ ಕೆಳಗೆ ಅವಳು ಒಂದೇ ಗೆರೆ ಎಳೆದಳು. ರಕ್ತ ಮೊದಲು ಚಿಮ್ಮಿತು, ಆಮೇಲೆ ಸುರಿಯಿತು. ಕಾಲುಗಳು ಓಡತೊಡಗಿದವು. ಅವು ನಿಲ್ಲುವವರೆಗೆ ಅವನು ಹಿಡಿದುಕೊಂಡೇ ಇದ್ದ.